ಅಕ್ಕಚ್ಚು ಕುಡಿದ ಪ್ರಯೋಗ

ನಂಜನಗೂಡಿನಲ್ಲಿ ನಮ್ಮ ದೊಡ್ಡಮ್ಮನಿಂದ ಬೈಸಿಕೊಳ್ಳದೆ ಉಳಿದವನು ನಂಜುಂಡೇಶ್ವರ ಒಬ್ಬನೇ ಎಂದು ಕೇರಿಯವರು ಹೇಳುತ್ತಿದ್ದರು. ನನಗೆ ಅದರಲ್ಲೂ ಅನುಮಾನವಿದೆ. ಪ್ರದಕ್ಷಿಣೆ ಹಾಕುವಾಗ ಆಕೆಯ ತುಟಿ ಅಲ್ಲಾಡುತ್ತಿದ್ದುದು ನಿಜ. ಆದರೆ ಅದು ಸ್ತೋತ್ರವೇ ಎಂದು ಪ್ರಮಾಣ ಮಾಡಿ ಹೇಳಬಲ್ಲವರು ಯಾರಿದ್ದರು?

ಹಾಲಿನವನಿಗೆ ನೀರು ಬೆರೆಸಿದ್ದಕ್ಕೆ, ಒಲೆಗೆ ಹೊಗೆ ಬಿಟ್ಟದ್ದಕ್ಕೆ, ಕಾಗೆಗೆ ತಡವಾಗಿ ಬಂದದ್ದಕ್ಕೆ, ನಮ್ಮಪ್ಪನಿಗೆ ತನ್ನ ಮೈದುನನಾದದ್ದಕ್ಕೆ, ಹೀಗೆ ಬೈಗುಳ ಎಲ್ಲರಿಗೂ ವೇಳೆಗೆ ಸರಿಯಾಗಿ ಸಲ್ಲುತ್ತಿತ್ತು. ವಿನಾಯಿತಿ ಇದ್ದದ್ದು ಗಿಡಗಳಿಗೆ ಮಾತ್ರ. ಹಿತ್ತಲಿನ ಗಿಡಗಳು ನೀರು ಕುಡಿಯುವ ತನಕ ಮನೆಯಲ್ಲಿ ಯಾರ ಗಂಟಲಿಗೂ ಕಾಫಿ ಇಳಿಯುವಂತಿರಲಿಲ್ಲ. ಒಮ್ಮೆ ಬಸ್ಸಿನಲ್ಲಿ ಮಲ್ಲಿಗೆ ಸಸಿಯೊಂದನ್ನು ಕಿಟಕಿ ಪಕ್ಕದ ಸೀಟಿನಲ್ಲಿ ಕೂರಿಸಿ ತಾನು ನಿಂತೇ ಬಂದಳು.

"ಅಮ್ಮೋ, ಗಿಡ ತಗ್ದು ಕೆಳಕ್ಕೆ ಮಡಗಿ, ಜನ ಕೂತ್ಕಳ್ಲಿ" ಎಂದ ಕಂಡಕ್ಟರ್.

"ಜನಕ್ಕೆ ಕಾಲಿದೆ. ಇದಕ್ಕಿದೆಯೇನಯ್ಯ? ದೇವರು ನಿಂಗೆ ಕಣ್ಣು ಕೊಟ್ಟಿದ್ದು ಚಿಲ್ಲರೆ ಎಣಿಸೋಕೆ ಮಾತ್ರವಾ?"

ಕಂಡಕ್ಟರ್ ತೆಪ್ಪಗೆ ಗಿಡಕ್ಕೊಂದು ಅರ್ಧ ಟಿಕೆಟ್ ಹರಿದುಕೊಟ್ಟು ಹಿಂದಿನ ಬಾಗಿಲಿಗೆ ಹೋಗಿ ನಿಂತ. ಊರು ಬರುವ ತನಕ ಈ ಕಡೆ ತಿರುಗಲಿಲ್ಲ.

ಇಂಥವಳಿರುವ ಮನೆಯಲ್ಲಿ, ಗಿಡ ಸಾಯಿಸುವ ಪ್ರಯೋಗ ಇಟ್ಟುಕೊಂಡ ನನ್ನ ಬುದ್ಧಿಗೆ ಏನನ್ನೋಣ!

ಎಂಬತ್ತರ ದಶಕ ಆಗತಾನೆ ಕಣ್ಣು ಬಿಟ್ಟಿತ್ತು. ನಾನು ಹತ್ತನೇ ಕ್ಲಾಸು. ಊರಾಚೆಯ ಕಾರ್ಖಾನೆಯೊಂದರ ಮೋರಿಯಿಂದ ಕಪ್ಪು ನೀರು ಹರಿದು ಕಪಿಲಾ ಹೊಳೆಗೆ ಸೇರುತ್ತಿತ್ತು. ಅದನ್ನು ಕಂಡರೆ ನಮ್ಮ ವಿಜ್ಞಾನದ ಮೇಷ್ಟ್ರಿಗೆ ಮೈಯೆಲ್ಲ ಉರಿ. "ನಾವು ಹೇಳಿದ್ರೆ ಯಾವನೂ ಕೇಳಲ್ಲ ಕಣೋ. ಗಿಡದ ಬಾಯಲ್ಲಿ ಹೇಳಿಸೋಣ" ಎಂದು ಹಲ್ಲು ಕಚ್ಚಿ, ತಿ. ನರಸೀಪುರದಲ್ಲಿ ನಡೆಯಲಿದ್ದ ವಿಜ್ಞಾನ ವಸ್ತುಪ್ರದರ್ಶನಕ್ಕೆ ನನ್ನನ್ನು ಅಣಿಗೊಳಿಸಿದರು. ಅಲ್ಲಿ ಮೊದಲ ಬಹುಮಾನ ಬಂದವರಿಗೆ ಮೈಸೂರಿನ ದೊಡ್ಡ ಪ್ರದರ್ಶನಕ್ಕೆ ಪ್ರವೇಶ. ನಾನು ಆಗಲೇ ಮನಸ್ಸಿನಲ್ಲಿ ಮೈಸೂರು ತಲುಪಿ, ತಲೆ ಬಾಚಿಕೊಂಡು, ಫೋಟೋಕ್ಕೆ ನಿಂತಾಗಿತ್ತು.

ನಾಲ್ಕು ತಗಡಿನ ಡಬ್ಬಗಳ ತಳಕ್ಕೆ ತೂತು ಹೊಡೆದು, ಮಣ್ಣು ತುಂಬಿ, ಹೆಸರುಕಾಳು ಬಿತ್ತಿದೆ. ಒಂದಕ್ಕೆ ಬಾವಿ ನೀರು, ಒಂದಕ್ಕೆ ಸೋಪಿನ ನೀರು, ಒಂದಕ್ಕೆ ಸೀಮೆಎಣ್ಣೆ ಬೆರೆಸಿದ ನೀರು, ನಾಲ್ಕನೆಯದಕ್ಕೆ ಆ ಮೋರಿಯ ನೀರು.

"ಲೋ ಪಾಪಿ! ಹಸುಗೂಸಿಗೆ ಸೀಮೆಎಣ್ಣೆ ಕುಡಿಸ್ತಿದ್ದೀಯಲ್ಲೋ!"

"ಇದು ವಿಜ್ಞಾನ, ದೊಡ್ಡಮ್ಮ."

"ನಿನ್ನ ವಿಜ್ಞಾನಕ್ಕಿಷ್ಟು ಬೆಂಕಿ ಹಾಕ! ವಿಷ ಕುಡಿಯೋಕೆ ಅಲ್ಲಿ ದೇವಸ್ಥಾನದಲ್ಲಿ ಒಬ್ಬ ಕೂತಿದಾನೆ. ಅವನಿಗೆ ಅದು ಅಭ್ಯಾಸ. ಇದಕ್ಕೆ ಯಾಕೋ?"

"ನೀನು ಡಬ್ಬ ಮುಟ್ಟಬೇಡ, ಅಷ್ಟೇ."

"ನಾನ್ಯಾಕೆ ಮುಟ್ಟಲಿ ಆ ಮೈಲಿಗೇನ!"

ನನಗೆ ಬೇಕಾಗಿದ್ದುದೂ ಇದೇ. ದೊಡ್ಡಮ್ಮನ ಮಡಿ ಎಂದರೆ ಸಾಮಾನ್ಯವಲ್ಲ. ಮೋರಿ ನೀರಿನ ಡಬ್ಬವನ್ನು ಆಕೆ ಬೆರಳ ತುದಿಯಲ್ಲೂ ಸೋಕಳು. ಇನ್ನು ಗಿಡಗಳು ನಿಶ್ಚಿಂತೆಯಾಗಿ ಸಾಯಬಹುದು!

ಸತ್ತವೇ? ಎಲ್ಲಿಯ ಸಾವು! ಮೊದಲು ಕೊಂಚ ಬಾಡಿದಂತೆ ಮಾಡಿ, ಆಮೇಲೆ ಮದುವೆ ಗೊತ್ತಾದ ಹುಡುಗಿಯರ ಹಾಗೆ ಕಳೆಕಳೆಯಾಗಿ ಬೆಳೆದವು. ಅದರಲ್ಲೂ ಮೋರಿ ನೀರಿನದು ಎಲ್ಲಕ್ಕಿಂತ ಎತ್ತರ! ಬಾವಿ ನೀರಿನ ಸಾಧು ಗಿಡ ಮಾತ್ರ ನರಪೇತಲನಂತೆ ನಿಂತಿತ್ತು. ಮೇಷ್ಟ್ರು ನೋಡಿದರು, ಕನ್ನಡಕ ಒರೆಸಿ ಮತ್ತೆ ನೋಡಿದರು. ಮುಖ ಸೀದುಹೋಯಿತು. ಆದರೂ, "ಪ್ರಯೋಗ ಹೇಳಿದ್ದನ್ನೇ ಹೇಳಬೇಕು. ಸುಳ್ಳು ಹೇಳಿದರೆ ಅದು ವಿಜ್ಞಾನವಲ್ಲ" ಎಂದರು, ಸ್ವಂತ ಮನೆ ಮಾರುವವರ ದನಿಯಲ್ಲಿ.

ಪ್ರದರ್ಶನದ ದಿನ ದೊಡ್ಡಮ್ಮನೂ ಬಸ್ಸು ಹತ್ತಿದಳು. ಯಾಕೆ? ಗಿಡಗಳಿಗೆ ದಾರಿಯಲ್ಲಿ ಬಿಸಿಲು ತಗಲಬಾರದಲ್ಲ! ಡಬ್ಬಗಳನ್ನು ನಾವು ಹೊತ್ತೆವು. ಆಕೆ ಮುಟ್ಟದೆ, ಅಂತರ ಕಾಯ್ದುಕೊಂಡು, ಕೊಡೆ ಹಿಡಿದಳು.

ಅಂದಿನ ಮುಖ್ಯ ಅತಿಥಿ ಯಾರೆಂದುಕೊಂಡಿರಿ? ಸಾಕ್ಷಾತ್ ಅದೇ ಕಾರ್ಖಾನೆಯ ಸಾಹೇಬರು! ನನ್ನ ಮೇಜಿನ ಮುಂದೆ ನಿಂತು, ಕಪ್ಪು ನೀರಿನ ಬಾಟಲಿ ನೋಡಿದರು, ಎತ್ತರದ ಗಿಡ ನೋಡಿದರು, ಹೊಟ್ಟೆ ಕುಣಿಸಿ ನಕ್ಕರು.

"ಏನ್ ಮೇಷ್ಟ್ರೇ, ನಮ್ಮ ನೀರು ವಿಷ ಅಂತ ಊರೆಲ್ಲ ಹೇಳ್ಕೊಂಡ್ ಬತ್ತಿದ್ರಿ? ನೋಡಿ, ಗೊಬ್ಬರ! ಮೊದಲ್ನೇ ಬಹುಮಾನ ಈ ಹುಡುಗನಿಗೇ ಕೊಡ್ರಿ."

ಮೇಷ್ಟ್ರು ನೆಲ ನೋಡುತ್ತಿದ್ದರು. ಅವರ ಕಿವಿ ಕೆಂಪಾಗಿತ್ತು. ಬಹುಮಾನ ನನ್ನಿಂದ ಒಂದು ಗೇಣು ದೂರದಲ್ಲಿತ್ತು. ಆಗ ಹಿಂದಿನಿಂದ ಆ ಪರಿಚಿತ ಗಂಟಲು ಮೊಳಗಿತು.

"ಗೊಬ್ಬರ ಅಲ್ಲಪ್ಪ, ಅಕ್ಕಚ್ಚು! ಅಕ್ಕಿ ತೊಳೆದ ನೀರು! ಎರಡು ಹೊತ್ತೂ ತಂಬಿಗೆಗಟ್ಟಲೆ ಸುರಿದು ನಿನ್ನ ವಿಷಾನೆಲ್ಲ ತಳದ ತೂತಿಂದ ಕಳಿಸಿದೀನಿ!"

"ದೊಡ್ಡಮ್ಮಾ! ಮುಟ್ಟಲ್ಲ ಅಂದಿದ್ದೆ!" ಎಂದು ಕಿರುಚಿದೆ.

"ಮುಟ್ಟಿಲ್ಲ ಕಣೋ, ಮೇಲಿಂದ ಸುರಿದೆ. ಕಾಯಿಲೆಯವಕ್ಕೆ ಗಂಜಿ ಬೇಡವೇ? ಬಾವಿ ನೀರಿಂದು ಗಟ್ಟಿಯಾಗಿತ್ತು, ಅದಕ್ಕೆ ಹಾಕ್ಲಿಲ್ಲ." ಆಮೇಲೆ ಸಾಹೇಬರ ಕಡೆ ತಿರುಗಿ, ಸೊಂಟದ ಚೀಲದಿಂದ ತೀರ್ಥದ ಉದ್ಧರಣೆ ತೆಗೆದು ಮೇಜಿನ ಮೇಲಿಟ್ಟಳು. "ಗೊಬ್ಬರ ಅಂದ್ಯಲ್ಲ, ಕೈಯೊಡ್ಡು. ಲೋ, ಆ ಬಾಟಲಿಯಿಂದ ಇವರಿಗೆ ಒಂದು ಉದ್ಧರಣೆ ತೀರ್ಥ ಹಾಕೋ!"

ಸಾಹೇಬರ ಎರಡೂ ಕೈ ಜೇಬು ಸೇರಿದವು. ಸುತ್ತ ನಿಂತವರೆಲ್ಲ ಆ ಜೇಬುಗಳನ್ನೇ ನೋಡಿದರು. ಸಾಹೇಬರಿಗೆ ಥಟ್ಟನೆ ಬೇರೆಲ್ಲೋ ಸಭೆಯಿರುವುದು ನೆನಪಾಯಿತು.

ಮೇಷ್ಟ್ರು ತಲೆಯೆತ್ತಿದರು. ಸಂತೋಷವೇ. ಆದರೆ ಬಹುಮಾನ? ಯಾವುದೋ ಊರಿನ ಹುಡುಗ, ರಟ್ಟಿನಲ್ಲಿ ಮಾಡಿದ ಅಗ್ನಿಪರ್ವತಕ್ಕೆ ಅದನ್ನು ಹೊಡೆದುಕೊಂಡು ಹೋದ. ಅಗ್ನಿಪರ್ವತವಂತೆ! ಅಸಲಿಯೊಂದು ಅಲ್ಲೇ ಸೀರೆ ಉಟ್ಟು ನಿಂತಿತ್ತಲ್ಲ!

ನಾನು ದೊಡ್ಡಮ್ಮನೊಡನೆ ಮಾತು ಬಿಟ್ಟೆ. ಆಕೆ ಎದುರಿಗೆ ಬಂದರೆ ಗೋಡೆ ನೋಡುತ್ತಿದ್ದೆ. ಒಂದು ಬೆಳಿಗ್ಗೆ ನೋಡಿದರೆ ಒಂದು ಬಟ್ಟಲಲ್ಲಿ ಹೆಸರುಕಾಳು ನೆನೆದಿತ್ತು.

"ಇನ್ನೊಂದು ಸಲ ಮಾಡು. ಸರಿಯಾಗಿ ಮಾಡು" ಎಂದಳು ದೊಡ್ಡಮ್ಮ. "ನಾನಿಲ್ಲಿದ್ರೆ ಕೈ ಸುಮ್ನಿರಲ್ಲ. ತಗಡೂರಿಗೆ ನನ್ನ ತಂಗಿ ಮನೆಗೆ ಹೋಗಿರ್ತೀನಿ. ನಿನ್ನ ಕಟುಕತನ ಮುಗಿದ ಮೇಲೆ ಹೇಳಿಕಳಿಸು." ಬಸ್ಸನ್ನು ಬೈಯುತ್ತಾ ಹತ್ತಿ ಹೋದಳು.

ಈ ಸಲ ಪ್ರಯೋಗ ಪುಸ್ತಕದಲ್ಲಿದ್ದಂತೆ ನಡೆಯಿತು. ಬಾವಿ ನೀರಿನದು ನಳನಳಿಸಿತು. ಸೋಪಿನದು ಹಳದಿಯಾಯಿತು. ಸೀಮೆಎಣ್ಣೆಯದು ಎರಡೆಲೆಗೇ ನಿಂತಿತು. ಮೋರಿ ನೀರಿನದು ಬುಡದಿಂದ ಕಪ್ಪಾಗಿ ಮಲಗಿತು. ತೋರಿಸಲು ಯಾವ ಪ್ರದರ್ಶನವೂ ಇರಲಿಲ್ಲ. ದೊಡ್ಡಮ್ಮ ಮರಳಿ ಬಂದಾಗ, ಗೆದ್ದವನ ಠೀವಿಯಲ್ಲಿ ಡಬ್ಬಗಳನ್ನು ಜಗಲಿಯ ಮೇಲೆ ಸಾಲಾಗಿ ಇಟ್ಟು, ಬೈಗುಳಕ್ಕೆ ಬೆನ್ನು ಕೊಟ್ಟು ನಿಂತೆ.

ಬೈಗುಳ ಬರಲಿಲ್ಲ. ತಿರುಗಿ ನೋಡಿದೆ.

ದೊಡ್ಡಮ್ಮ ಮೋರಿ ನೀರಿನ ಡಬ್ಬವನ್ನು ಎರಡೂ ಕೈಯಲ್ಲಿ ಎತ್ತಿ ಮಡಿಲಲ್ಲಿ ಇಟ್ಟುಕೊಂಡಿದ್ದಳು. ಒಣಗಿದ ಎಲೆಯನ್ನು ಸೆರಗಿನಿಂದ ಒರೆಸುತ್ತಿದ್ದಳು.

"ಮೈಲಿಗೆ, ದೊಡ್ಡಮ್ಮ" ಎಂದೆ.

"ಇದೇ ನೀರೇನೋ ಹೊಳೆಗೆ ಹೋಗೋದು?" ಎಂದಳು.

"ಹೂಂ."

"ಇದಕ್ಕಾದ್ರೆ ನಾನೊಬ್ಬಳಿದ್ದೆ, ಅಕ್ಕಚ್ಚು ಸುರಿಯೋಕೆ. ಹೊಳೆಗೆ ಯಾರಿದ್ದಾರೋ?"

ಬೈಗುಳವಿಲ್ಲದ ಆ ಮನೆ ಎಷ್ಟು ದೊಡ್ಡದೆಂದು ನನಗೆ ಗೊತ್ತಾದದ್ದು ಆಗಲೇ. "ಬೈಯಿ ದೊಡ್ಡಮ್ಮ, ಬೇಕಾದ್ರೆ ನನ್ನನ್ನೇ ಬೈಯಿ" ಎಂದೆ. ಆಕೆ ಬೈಯಲಿಲ್ಲ. ಡಬ್ಬವನ್ನು ಕೆಳಗಿಡಲೂ ಇಲ್ಲ.