ಮುಸುರೆ ತಿಕ್ಕುತ್ತ ಮಾನ್ವಿಗೆ

ನಮ್ಮ ಮನೆಯವರು ರಾಯಚೂರಿನಿಂದ ಮಾನ್ವಿಗೆ ದಿನಾ ಹೋಗುತ್ತಿದ್ದರು. ಅದೂ ನಮ್ಮ ಹಿತ್ತಿಲ ಬಚ್ಚಲಕಟ್ಟೆ ಬಿಟ್ಟು ಒಂದು ಹೆಜ್ಜೆ ಆಚೆ ಇಡದೆ! ಕೈಯಲ್ಲಿ ನಾರು, ಮುಂದೆ ಮುಸುರೆ ಪಾತ್ರೆಗಳ ಗುಡ್ಡೆ, ಕಿಟಕಿಯಲ್ಲಿ ಮೊಬೈಲು. ನಂಬುವುದಿಲ್ಲ ಅಲ್ಲವೇ? ಅವರ ಹೆಸರು ಮಾತ್ರ ಬರೆಯುವುದಿಲ್ಲ. ಮದುವೆಯಾದಾಗಿನಿಂದ ಬಾಯಿಗೆ ಬಾರದ ಹೆಸರು ಈಗ ಪೆನ್ನಿಗೆ ಬಾ ಎಂದರೆ ಬರುತ್ತದೆಯೇ?

ಅವರು ಬಸ್ ಕಂಡಕ್ಟರ್ ಆಗಿದ್ದವರು. ಒಮ್ಮೆ ಮಾನ್ವಿ ದಾರಿ, ಒಮ್ಮೆ ದೇವದುರ್ಗದ ದಾರಿ, ಹೀಗೇ ಓಡಾಡುತ್ತ ತಲೆ ಬೆಳ್ಳಗಾಯಿತು. ನಿವೃತ್ತರಾಗಿ ವರ್ಷ ತುಂಬುವುದರೊಳಗೆ ಲಕ್ವಾ ಹೊಡೆಯಿತು. ಮಾತು ಉಳಿಯಿತು, ಕಾಲು ನಿಧಾನಕ್ಕೆ ಬಂತು. ಅಷ್ಟು ವರ್ಷ ಟಿಕೆಟ್ ಹರಿದ ಬಲಗೈ ಮಾತ್ರ ಬೇರೆ ಯಾರದೋ ಕೈಯಂತೆ ಮಗ್ಗುಲಲ್ಲಿ ಬಿದ್ದುಕೊಂಡಿತು. ಡಾಕ್ಟರು ಮುಚ್ಚುಮರೆ ಇಲ್ಲದೆ ಹೇಳಿದರು: ಒಂದು ವರ್ಷ ಬಿಡದೆ ವ್ಯಾಯಾಮ ಮಾಡಿದರೆ ಕೈ ಬಂದೀತು, ಬಿಟ್ಟರೆ ಇಷ್ಟೇ. ದಿನಕ್ಕೆ ಇನ್ನೂರು ಸಲ ಹಿಚುಕಲು ಒಂದು ಮೆತ್ತನೆಯ ಚೆಂಡನ್ನೂ ಕೊಟ್ಟರು.

ಇವರು ಎರಡು ದಿನ ಹಿಚುಕಿದರು. ಮೂರನೆಯ ದಿನ ಚೆಂಡು ಓಣಿಯ ಮಕ್ಕಳ ಕ್ರಿಕೆಟ್ಟಿಗೆ ಹೋಯಿತು.

"ಏನ್ರೀ ಇದು? ಕೈ ಬ್ಯಾಡೇನು ನಿಮಗ?" ಎಂದೆ.

"ಸುಮ್ನ ಕುಂತು ಚೆಂಡು ಹಿಚುಕಾಕ ನಾನೇನು ಕೂಸೇನಲೇ? ಮಂದಿ ಇಲ್ಲ, ಮಾತಿಲ್ಲ, ಗದ್ಲಿಲ್ಲ. ಹುಚ್ಚು ಹಿಡಿತದ ನನಗ!"

ಅದೂ ನಿಜವೇ. ಅರವತ್ತು ಜನರ ಗದ್ದಲದಲ್ಲಿ ಬದುಕಿದ ಮನುಷ್ಯ. ಇದನ್ನು ಕೇಳಿದ ನಮ್ಮ ಮಗಳು ಅವರ ಮೊಬೈಲಿನಲ್ಲಿ ಪಾಡ್‌ಕಾಸ್ಟ್ ಹಚ್ಚಿಕೊಟ್ಟಳು.

"ಅಪ್ಪಾ, ಇವರು ಮಾತಾಡ್ಕೋತನ ಇರ್ತಾರ. ನೀ ಕೇಳ್ಕೋತ ಕೈಗೆ ಕೆಲಸ ಕೊಡು."

"ಇವರೆಲ್ಲಾ ಟಿಕೆಟ್ ತಗೊಂಡಾರೇನು?" ಎಂದು ಕೇಳಿ ಇವರು ಕಿವಿಗೊಟ್ಟರು. ಅಲ್ಲಿಂದ ಶುರುವಾಯಿತು ನೋಡಿ!

ಚೆಂಡು ಬೇಡ ಎಂದವರು ಪಾತ್ರೆ ಬೇಕು ಎಂದರು. ಬಲಗೈ ಬೆರಳುಗಳನ್ನು ಎಡಗೈಯಿಂದ ಒಂದೊಂದಾಗಿ ಮಡಚಿ, ಅದರೊಳಗೆ ನಾರು ಸಿಕ್ಕಿಸಿ, ತಿಕ್ಕಲು ಕೂರುತ್ತಿದ್ದರು. ಪಾಡ್‌ಕಾಸ್ಟಿಗೆ ಅವರಿಟ್ಟ ಹೆಸರು 'ಗಾಡಿ'. ಅದರ ಉದ್ದವನ್ನು ನಿಮಿಷದಲ್ಲಿ ಅಳೆಯುವುದು ಅವರಿಗೆ ಸೇರುತ್ತಿರಲಿಲ್ಲ. ಅರ್ಧ ಗಂಟೆಯದು ಮಾನ್ವಿಯ ನಡುದಾರಿಯ ಕಲ್ಲೂರು ಗಾಡಿ. ಒಂದು ಗಂಟೆಯದು ಮಾನ್ವಿ ಗಾಡಿ. ಒಂದೂವರೆ ಗಂಟೆಯದು ದೇವದುರ್ಗದ್ದು. ಅದಕ್ಕೂ ಮೀರಿದರೆ, "ಇದು ಗೂಗಲ್ ಊರಿನ ಗಾಡಿ. ಕೃಷ್ಣಾ ಹೊಳಿ ದಂಡಿಗೆ ಹೋಗಿ ನಿಲ್ಲತದ. ಬುತ್ತಿ ಕಟ್ಟು" ಎನ್ನುತ್ತಿದ್ದರು. ಒಂದು ಹೊತ್ತಿನ ಪಾತ್ರೆಗೆ ಕಲ್ಲೂರು ಸಾಕು. ನೆಂಟರು ಬಂದು ಹೋದರೆ ಮಾನ್ವಿ ಬೇಕು. ಹಾಸಿಗೆ ಹೊದಿಕೆ ಒಗೆಯುವ ದಿನ ದೇವದುರ್ಗ!

ಮುಸುರೆ ಕೈಯಲ್ಲಿ ಮೊಬೈಲು ಮುಟ್ಟುವಂತಿರಲಿಲ್ಲ. ನಿಲ್ಲಿಸಬೇಕಾದರೆ "ಹೋಲ್ಡಾನ್!" ಎಂದು ಕೂಗುವರು, ನಾನು ಓಡಿಬಂದು ಒತ್ತಬೇಕು. "ರೈಟ್ ರೈಟ್!" ಎಂದರೆ ಮತ್ತೆ ಬಿಡಬೇಕು. ಇಷ್ಟು ವರ್ಷ ಕಂಡಕ್ಟರನ ಹೆಂಡತಿಯಾಗಿದ್ದವಳು ಈ ವಯಸ್ಸಿನಲ್ಲಿ ಡ್ರೈವರ್ ಆದೆ!

ಕೇಳುವುದು ಬಗೆಬಗೆಯದು. ರಾಜರ ಕಥೆ, ಮೆದುಳಿನ ವಿಚಾರ, ಆಕಾಶದ ವಿಚಾರ. ಸೂರ್ಯನ ಬೆಳಕು ಎಂಟು ನಿಮಿಷದಲ್ಲಿ ಭೂಮಿಗೆ ಬರುತ್ತದೆ ಎಂದು ಒಂದು ದಿನ ಕೇಳಿದವರೇ "ಹೋಲ್ಡಾನ್!" ಎಂದರು. ಓಡಿಹೋದೆ.

"ಎಂಟೇ ನಿಮಿಷಂತ! ಅದು ನಾನ್‌ಸ್ಟಾಪ್ ಇರಬೇಕು. ಕಲ್ಲೂರಿನ್ಯಾಗ ನಿಂತು ಮಂದಿನ ಹತ್ತಿಸ್ಕೊಂಡು ಬರಲಿ ನೋಡೋಣು!"

ಗೋಡೆಯಾಚೆಯ ಮನೆ ಬಟ್ಟೆ ಅಂಗಡಿ ಚಾಚಾರದು. ಅವರು ಇಣುಕಿ, "ಕ್ಯಾ ಭಾಯ್, ಈ ವಯಸ್ಸಿನ್ಯಾಗ ಮುಸುರಿ ಡ್ಯೂಟಿ ಹಾಕ್ಯಾರೇನು?" ಎಂದು ಕೆಣಕುತ್ತಿದ್ದರು.

"ಹಿಂದ ಜಾಗ ಅದ ಚಾಚಾ, ನಿಮ್ಮ ಮನಿ ಡಬರಿನೂ ತಗೊಂಡು ಹತ್ರಿ!"

ಚಾಚಾ ನಕ್ಕು ಒಳಗೆ ಹೋದರು. ಮರುದಿನ ಅವರ ಮನೆಯ ಬಿರಿಯಾನಿ ಡಬರಿ ನಿಜವಾಗಿಯೂ ಬಂತು. ಇವರು ಅದನ್ನು ಮುಖ ಕಾಣುವಂತೆ ತಿಕ್ಕಿ ಕೊಟ್ಟರು.

ಎಲ್ಲಕ್ಕಿಂತ ದೊಡ್ಡ ಫಜೀತಿ ನನ್ನಿಂದಲೇ ಆಯಿತು. ಇವರ ಅಕ್ಕ ಇರುವುದು ಮಾನ್ವಿಯಲ್ಲಿ. ನಾನು ರೊಟ್ಟಿ ಬಡಿಯುತ್ತಿರುವಾಗ ಅವರ ಫೋನು ಬಂತು.

"ತಮ್ಮ ಎಲ್ಲಿ ಅದಾನವ್ವಾ?"

"ಕಲ್ಲೂರು ದಾಟ್ಯಾರ್ರೀ ಅಕ್ಕಾರ. ಇನ್ನ ಅರ್ಧ ತಾಸಿಗೆ ಮಾನ್ವಿ ಮುಟ್ತಾರ."

"ಒಬ್ಬನ ಹೊಂಟಾನೇನು?"

"ಹೂನ್ರೀ, ಒಬ್ರ" ಎಂದು ಫೋನಿಟ್ಟೆ. ಹಂಚಿನ ಮೇಲೆ ರೊಟ್ಟಿ ಸೀಯುತ್ತಿತ್ತಲ್ಲ! ಅಕ್ಕನವರು ಗಾಬರಿಯಾಗಿ ಮತ್ತೆ ಮಾಡಿದ ಫೋನು ನನಗೆ ಕೇಳಿಸಲಿಲ್ಲ. ಗಾಡಿ ಓಡುವಾಗ ಇವರಂತೂ ಯಾರ ಫೋನೂ ಎತ್ತುವವರಲ್ಲ. ಕೈ ಬಾರದ ತಮ್ಮ ಒಬ್ಬನೇ ಬಸ್ಸಿನಿಂದ ಹೇಗೆ ಇಳಿದಾನು ಎಂದು ಅವರು ಗಂಡನನ್ನು ಮಾನ್ವಿ ಬಸ್‌ಸ್ಟ್ಯಾಂಡಿಗೆ ಓಡಿಸಿದರು. ಆ ಹಿರಿಯರು ಬಿಸಿಲಲ್ಲಿ ಮೂರು ಬಸ್ಸು ಹುಡುಕಿದರು. ನಾಲ್ಕನೆಯದನ್ನು ಹತ್ತಿ ನೇರ ರಾಯಚೂರಿಗೆ, ನಮ್ಮ ಹಿತ್ತಿಲಿಗೇ ಬಂದರು.

"ನನ್ನ ಬಿಸಲಾಗ ನಿಲ್ಲಿಸಿ ಇಲ್ಲಿ ಹಂಡೆ ತಿಕ್ಕಾಕತ್ತೀಯೇನಲೇ?"

"ಏನ್ ಮಾಡ್ಲಿ ಮಾವಾ, ಗಾಡಿ ಪಂಕ್ಚರ್ ಆತು."

ಮಾವ ಬಾಯಿಗೆ ಬಂದಂತೆ ಬೈದರು. ಆಮೇಲೆ ಉಂಡು, ಗಾಡಿ ಎಂದರೇನೆಂದು ನೋಡಲು ಇವರ ಪಕ್ಕ ಕೂತರು. ರಾಜರ ಕಥೆ ಎಷ್ಟು ರುಚಿಸಿತೆಂದರೆ ಊರಿಗೆ ಹೋಗುವ ಎರಡು ಬಸ್ಸು ತಪ್ಪಿಸಿಕೊಂಡರು!

ನಗುತ್ತಿದ್ದೆವು, ಆದರೆ ನನ್ನ ಕಿವಿ ಯಾವಾಗಲೂ ಹಿತ್ತಿಲ ಕಡೆಗೇ ಇರುತ್ತಿತ್ತು. ಶುರುವಿನಲ್ಲಿ ಪ್ರತಿ ಪಾತ್ರೆಯೂ ಅವರ ಕೈಯಿಂದ ಜಾರಿ ಬೀಳುತ್ತಿತ್ತು. ಬಿದ್ದ ಪ್ರತಿ ಸಲವೂ ನಾನು ಬಾಗಿಲಿಗೆ ಬಂದು ಇಣುಕುತ್ತಿದ್ದೆ, ಈ ಕೈ ಬರುವುದಿಲ್ಲವೇನೋ ಎಂದು. ಆರು ತಿಂಗಳಾದ ಮೇಲೆ ಲೋಟ ಬೀಳುವುದು ನಿಂತಿತು. ಆಮೇಲೆ ತಾಟು ನಿಂತಿತು. ಒಂದು ಮಧ್ಯಾಹ್ನ ಏನೂ ಸದ್ದಿಲ್ಲ. ಗಾಬರಿಯಿಂದ ಓಡಿದೆ. ಇವರು ಎದ್ದು ನಿಂತಿದ್ದರು. ನಾನು ಎರಡು ಕೈಯಲ್ಲಿ ಎತ್ತುವ ಕಬ್ಬಿಣದ ರೊಟ್ಟಿ ಹಂಚನ್ನು ಬಲಗೈ ಒಂದರಲ್ಲೇ ಹೆಗಲ ಮಟ ಎತ್ತಿ ಹಿಡಿದಿದ್ದರು. ತೋಳು ನಡುಗುತ್ತಿತ್ತು. ಹಂಚು ಬೀಳಲಿಲ್ಲ.

"ನೋಡಲೇ!" ಎಂದರು.

ನೋಡಿದೆ. ಮದುವೆ ಮಂಟಪದಲ್ಲೂ ನಾನು ಅವರನ್ನು ಅಷ್ಟು ಹೊತ್ತು ಕಣ್ಣೆತ್ತಿ ನೋಡಿರಲಿಲ್ಲ. ಡಾಕ್ಟರು ಹೇಳಿದ ವರ್ಷ ತುಂಬಲು ಇನ್ನೂ ಒಂದು ತಿಂಗಳಿತ್ತು. ಓಣಿಯಲ್ಲಿ ಆ ದಿನ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದೆ; ನಾನು ಹೆಚ್ಚು ಮಾತಿನವಳಲ್ಲ, ಆದರೂ ಹೇಳಿದೆ.

ಹೋದ ಚಳಿಗಾಲ ನಾನು ಜಾರಿಬಿದ್ದು ಮುಂಗೈ ಉಳುಕಿತು. ಎರಡು ದಿನ ತಲೆ ಬಾಚಲಾಗಲಿಲ್ಲ. ಸಂಜೆ ಇವರು ಹಣಿಗೆ ಹಿಡಿದು ಬಂದರು.

"ಬಾ ಇಲ್ಲಿ, ತಲಿ ಹಿಕ್ಕತೀನಿ."

"ನಿಮಗ ಬರತದೇನ್ರೀ?"

"ಮೂರು ಎಳಿ. ಅದರಾಗೇನದ?"

ಬಹಳ ಹೊತ್ತು ಹಿಡಿಯಿತು. ಅವತ್ತು ಮೊಬೈಲಿನಲ್ಲಿ ಯಾವ ಗಾಡಿಯನ್ನೂ ಹಚ್ಚಿಕೊಳ್ಳಲಿಲ್ಲ. "ಜಗ್ಗಿತೇನು?" ಎಂದು ಎಳೆ ಎಳೆಗೂ ಕೇಳುತ್ತಿದ್ದರು. ಇಲ್ಲ ಎನ್ನುತ್ತಿದ್ದೆ. ಜಗ್ಗುತ್ತಿತ್ತು.

ಮರುದಿನ ಬೆಳಿಗ್ಗೆ ಚಹಾ ಕೊಡಲು ಹೋದಾಗ ಅವರು ಕುರ್ಚಿಯಲ್ಲೇ ಹೋಗಿಬಿಟ್ಟಿದ್ದರು.

ಹೆಂಗಸರು ಸೇರಿದರು. ನನ್ನ ತಲೆಗೆ ನೀರು ಹಾಕಲೆಂದು ಮಾನ್ವಿಯ ಅಕ್ಕನವರು ಜಡೆಗೆ ಕೈಯಿಟ್ಟರು.

"ಬಿಚ್ಚಬ್ಯಾಡ್ರಿ ಅಕ್ಕಾರ. ಅವರು ಹಾಕ್ಯಾರ."

ಅಕ್ಕನವರ ಕೈ ನಿಂತಿತು. "ಯಾವ ಕೈಲೆ?" ಎಂದರು.

"ಎರಡೂ ಕೈಲೆ."

ಅವರು ಒರಟೊರಟಾದ ಆ ಜಡೆಯನ್ನು ತುದಿಯವರೆಗೂ ಬೆರಳಾಡಿಸಿ ನೋಡಿದರು. ಆಮೇಲೆ ಅದನ್ನು ಮೆಲ್ಲಗೆ ಎತ್ತಿ ಒಂದು ಬದಿಗೆ ಹಿಡಿದುಕೊಂಡು, ನೀರನ್ನು ನನ್ನ ಹೆಗಲಿಗಷ್ಟೇ ಹಾಕಿದರು.