ನಮ್ಮ ಕಾಕಾ ಅವೈಲೇಬಲ್ ಇದ್ದಾರೆ!

ಇಂಗ್ಲಿಷ್ ಭಾಷೆಯಲ್ಲಿ ಲಕ್ಷಾಂತರ ಶಬ್ದಗಳಿವೆಯಂತೆ. ಇರಲಿ ಪಾಪ! ಧಾರವಾಡದ ಮಾಳಮಡ್ಡಿಯಲ್ಲಿರುವ ನಮ್ಮ ಕಾಕಾಗೆ ಅದರಲ್ಲಿ ಒಂದೇ ಸಾಕು: ‘ಅವೈಲೇಬಲ್’.

ಕಾಲೇಜೊಂದರ ಗ್ರಂಥಾಲಯದ ಕೌಂಟರಿನಲ್ಲಿ ಕೂತು ಜೀವಮಾನವಿಡೀ “ಈ ಪುಸ್ತಕ ಅವೈಲೇಬಲ್, ಆ ಪುಸ್ತಕ ನಾಟ್ ಅವೈಲೇಬಲ್” ಎಂದು ಹೇಳಿದವರು ಅವರು. ನಿವೃತ್ತಿಯ ದಿನ ಏನು ಕಾಣಿಕೆ ಬೇಕೆಂದು ಕೇಳಿದರೆ, ಬೇರೆಯವರಾಗಿದ್ದರೆ ಗೋಡೆ ಗಡಿಯಾರ ಕೇಳುತ್ತಿದ್ದರು. ಇವರು ಕೌಂಟರಿನ ಮೇಲಿನ ಬೋರ್ಡನ್ನೇ ಕೇಳಿ ತಂದರು! ಒಂದು ಬದಿಗೆ ‘ಅವೈಲೇಬಲ್’, ತಿರುಗಿಸಿದರೆ ‘ನಾಟ್ ಅವೈಲೇಬಲ್’. ಅದನ್ನು ಮನೆಯ ಗೇಟಿಗೆ ತೂಗುಹಾಕಿದರು. ‘ನಾಟ್’ ಬದಿ ಬಿಸಿಲನ್ನೇ ಕಂಡಿರಲಿಲ್ಲ.

ಅವರ ಪಾಲಿಗೆ ಜಗತ್ತೆಂದರೆ ಎರಡೇ ಕಪಾಟು. ಸಂತೆಯಲ್ಲಿ ಸವತಿಕಾಯಿ ಅವೈಲೇಬಲ್, ಮೆಂತ್ಯ ನಾಟ್. ನನಗೆ ಹೆಣ್ಣು ನೋಡಲು ಬೈರಿದೇವರಕೊಪ್ಪಕ್ಕೆ ಹೋದಾಗ, ಅವಲಕ್ಕಿ ಬಾಯಿಗಿಡುವ ಮೊದಲೇ ಹುಡುಗಿಯ ತಂದೆಯನ್ನು ಕೇಳಿದರು: “ಹುಡುಗಿ ಅವೈಲೇಬಲ್ ಅದಾಳೇನ್ರಿ?”

ಆ ತಂದೆ ತಟ್ಟೆ ಕೆಳಗಿಟ್ಟು ಒಳಕೋಣೆಯತ್ತ ನೋಡಿದರು. ಒಳಗಿನಿಂದ ಹುಡುಗಿಯೇ ಉತ್ತರ ಕೊಟ್ಟಳು: “ಇನ್ನೂ ವಿಚಾರ ಮಾಡಾಕತ್ತೇನ್ರಿ!” ಅವಳೇ ಈಗ ನನ್ನ ಹೆಂಡತಿ. ವಿಚಾರ ಇನ್ನೂ ಮುಗಿದಿಲ್ಲ.

ಗೇಟಿನಲ್ಲಿ ಅಂಥ ಬೋರ್ಡಿದ್ದರೆ ಓಣಿಯವರು ಬಿಡುತ್ತಾರೆಯೇ? ಲೈಟ್ ಬಿಲ್ ತುಂಬಲು, ಬಾಡಿಗೆ ಮನೆ ಹುಡುಕಲು, ಗಂಡ-ಹೆಂಡಿರ ಜಗಳ ಬಿಡಿಸಲು ಕಾಕಾನೇ ಬೇಕು. ಅವರ ಹೆಂಡತಿ, ನಮ್ಮ ಕಾಕು, ಸಾಸಿವೆಯ ಹಾಗೆ ಸಿಡಿಯುತ್ತಿದ್ದರು.

“ಊರ ಮಂದಿಗೆಲ್ಲಾ ಅವೈಲೇಬಲ್! ನಾ ಒಬ್ಬಾಕಿ ಕರದ್ರ ಮಾತ್ರ ಮನ್ಯಾಗ ಇರಂಗಿಲ್ಲ ಈ ಮನಶ್ಯಾ!”

ನಾವೆಲ್ಲ ನಗುತ್ತಿದ್ದೆವು. ಕಾಕು ನಗುತ್ತಿರಲಿಲ್ಲ.

ಹೋದ ತಿಂಗಳು ಕಾಕು ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯ ಎಲುಬು ಮುರಿದುಕೊಂಡರು. ಆಪರೇಷನ್ ಆಗಿ ಮನೆಗೆ ಬಂದ ಮೇಲೆ ನೋಡಲು ಹೋದೆ. ಗೇಟಿನ ಮುಂದೆ ನಿಂತವನು ನಿಂತೇ ಬಿಟ್ಟೆ. ಬೋರ್ಡು ತಿರುಗಿತ್ತು: ‘ನಾಟ್ ಅವೈಲೇಬಲ್’!

ಅಷ್ಟರಲ್ಲಿ ಕಾಕಾ ಹೊರಗೆ ಬಂದರು, ಕೈಯಲ್ಲಿ ಹಣಿಗೆ.

“ಯಾಕ ಕಾಕಾ, ಬೋರ್ಡ್ ಹೊಳ್ಳಿಸಿ ಹಾಕೀರಿ?”

“ಊರ ಮಂದಿ ತಡಕೋತಾರಪಾ. ನಿಮ್ಮ ಕಾಕೂನ ತಲಿ ಬಾಚಬೇಕು, ಗುಳಿಗಿ ಕೊಡಬೇಕು. ಒಂದ್ ಹೆಜ್ಜಿ ಆ ಕಡೆ ಹೋದ್ರೂ ಅಂಜತಾಳ.”

ಒಳಗಿನಿಂದ ಸಣ್ಣ ದನಿ ಬಂತು: “ಏನ್ರಿ, ಎಲ್ಲಿ ಹೋದ್ರಿ?”

ಕಾಕಾ ನನ್ನನ್ನು ಗೇಟಿನಲ್ಲೇ ಬಿಟ್ಟು ಓಡಿದರು.

“ಇಲ್ಲೇ ಅದೇನಿ! ಎಲ್ಲೂ ಹೋಗಿಲ್ಲ, ಇಲ್ಲೇ ಅದೇನಿ!”

ಆ ಮಾತನ್ನು ಅವರು ಕನ್ನಡದಲ್ಲಿ ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ನನ್ನ ಕಣ್ಣು ತುಂಬಿ ಬಂತು.