ಮಾರಾಟಕ್ಕಿದ್ದ ಕ್ಷೀರಸಾಗರ

ಎಲ್ಲ ಅನಾಹುತಕ್ಕೂ ಮೂಲ ತಿರುಮಲೇಶ ಮಲಗುವ ಭಂಗಿ.

ಡೆಟ್ರಾಯಿಟ್ ಸುತ್ತಲಿನ ಕನ್ನಡದವರು ತಿಂಗಳಿಗೊಮ್ಮೆ ಯಾರದಾದರೂ ಮನೆಯ ಬೇಸ್‌ಮೆಂಟಿನಲ್ಲಿ ಸೇರಿ ಭಜನೆ ಮಾಡುತ್ತಿದ್ದ ಕಾಲ ಅದು. ಆಗಿನ್ನೂ ಆ ಕಡೆ ನಮ್ಮವರ ದೇವಸ್ಥಾನ ಎದ್ದಿರಲಿಲ್ಲ. ಭಜನೆ ಮುಗಿದು ಬಿಸಿಬೇಳೆಭಾತು ಹೊಟ್ಟೆಗಿಳಿದ ಮೇಲೆ ಉಳಿದ ಗಂಡಸರು ಗ್ರೀನ್ ಕಾರ್ಡು, ಗ್ಯಾಸಿನ ರೇಟು, ಲೇ-ಆಫು ಎಂದು ತಲೆ ಕೆಡಿಸಿಕೊಳ್ಳುತ್ತಿದ್ದರೆ ತಿರುಮಲೇಶ ಮಾತ್ರ ಕಾರ್ಪೆಟ್ಟಿನ ಮೇಲೆ ಮಗ್ಗುಲಾಗಿ, ಅಂಗೈಗೆ ತಲೆ ಕೊಟ್ಟು, ಒಂದು ಕಾಲಿನ ಮೇಲೆ ಇನ್ನೊಂದು ಕಾಲು ಚಾಚಿ ಮಲಗಿಬಿಡುತ್ತಿದ್ದ. ತುಟಿಯ ಮೇಲೆ ಮೂರು ಲೋಕಗಳನ್ನೂ ಸುಧಾರಿಸಿ ಬಂದವನ ಮುಗುಳ್ನಗೆ. ನಿಜಕ್ಕೂ ಅವನು ಸುಧಾರಿಸುತ್ತಿದ್ದದ್ದು ಒಂದು ಪೇಂಟ್ ಕಂಪನಿಯ ಲ್ಯಾಬನ್ನು.

ಈ ದೃಶ್ಯ ಬೇರೆ ಯಾರ ಕಣ್ಣಿಗೆ ಬಿದ್ದಿದ್ದರೂ ಒಂದು ಹೊದಿಕೆ ಹೊದಿಸಿ ಸುಮ್ಮನಾಗುತ್ತಿದ್ದರು. ಬಿದ್ದದ್ದು ಜಯಸಿಂಹನ ಕಣ್ಣಿಗೆ.

ಜಯಸಿಂಹ ಹಗಲೆಲ್ಲ ಕಾರಿನ ಬಂಪರಿಗೆ ನಕ್ಷೆ ಬರೆಯುವ ಎಂಜಿನಿಯರು, ಸಂಜೆಯಾದರೆ ಫೋಟೋಗ್ರಾಫರು. ಮೈಸೂರಿನ ಅಜ್ಜನ ಮನೆಯ ಪಡಸಾಲೆಯಲ್ಲಿ ಗಮಕಿಗಳು ರಾಗವೆತ್ತಿ ಕಾವ್ಯ ಓದುವುದನ್ನು ಬಾಯಿ ತೆರೆದುಕೊಂಡು ಕೇಳುತ್ತ ಬೆಳೆದವನು. ಕಿವಿಯಲ್ಲಿ ಕೇಳಿದ್ದನ್ನೆಲ್ಲ ಕಣ್ಣಿಗೂ ಕಾಣಿಸಬೇಕೆಂಬುದು ಅವನ ಹಟ. ಮನೆಯ ಬೇಸ್‌ಮೆಂಟಿನಲ್ಲಿದ್ದ ಕಿಟಕಿಯಿಲ್ಲದ ಪುಟ್ಟ ಕೋಣೆಯನ್ನು ಫೋಟೋ ತೊಳೆಯುವ ಡಾರ್ಕ್‌ರೂಮು ಮಾಡಿಕೊಂಡು, ಒಂದು ನೆಗೆಟಿವಿನ ಮೇಲೆ ಇನ್ನೊಂದನ್ನು ಕೂರಿಸಿ, ಇಲ್ಲದ ಲೋಕವನ್ನು ಇರುವಂತೆ ಮಾಡುತ್ತಿದ್ದ. ಅವನ ಚಿತ್ರದಲ್ಲಿ ಅವನದೇ ಸ್ಟೇಷನ್ ವ್ಯಾಗನ್ನು ಪುಷ್ಪಕ ವಿಮಾನವಾಗಿ ಮೋಡಗಳ ನಡುವೆ ತೇಲುತ್ತಿತ್ತು. ಇಷ್ಟಾಗಿಯೂ ಒಂದೇ ಒಂದು ಚಿತ್ರ ಈವರೆಗೆ ಮಾರಾಟವಾಗಿರಲಿಲ್ಲ.

ಮಲಗಿದ ತಿರುಮಲೇಶನನ್ನು ಕಂಡದ್ದೇ ಜಯಸಿಂಹನಿಗೆ ಶ್ರೀರಂಗಪಟ್ಟಣದ ರಂಗನಾಥ ಕಾರ್ಪೆಟ್ಟಿಗೆ ಇಳಿದು ಬಂದಂತಾಯಿತು. ವೆಸ್ಟ್ ಬ್ಲೂಮ್‌ಫೀಲ್ಡಿನ ಒಂದು ಕೆರೆಯನ್ನೇ ಕ್ಷೀರಸಾಗರ ಮಾಡಿದ. ರಟ್ಟಿನ ಕಿರೀಟ ತೊಡಿಸಿ ತಿರುಮಲೇಶನನ್ನು ಗಾಳಿ ತುಂಬಿದ ಹಾಸಿಗೆಯ ಮೇಲೆ ಮಲಗಿಸಿದ. ಹಿಮ ಎತ್ತುವ ಒಂದೇ ಸಲಿಕೆಯನ್ನು ಐದು ಕಡೆ ನಿಲ್ಲಿಸಿ ಐದು ಸಲ ಫೋಟೋ ತೆಗೆದಾಗ ಆದಿಶೇಷನಿಗೆ ಐದು ಹೆಡೆ ಬಂದವು. ಲಕ್ಷ್ಮಿ ಬೇಕಲ್ಲ? ಹೆಂಡತಿ ಶಾರದಳನ್ನು ಬಾಯಿಬಿಟ್ಟು ಕೇಳುವ ಧೈರ್ಯ ಅವನಿಗಿರಲಿಲ್ಲ. ಅವಳು ನೆಲದ ಮೇಲೆ ಕೂತು ಚಪಾತಿ ಹಿಟ್ಟು ನಾದುತ್ತಿದ್ದಾಗ ಸುಮ್ಮನೆ ಒಂದು ಫೋಟೋ ಹೊಡೆದುಕೊಂಡ. ಹಿಟ್ಟಿನ ಮೇಲಿದ್ದ ಅವಳ ಕೈ ಡಾರ್ಕ್‌ರೂಮಿನಿಂದ ಹೊರಬರುವಷ್ಟರಲ್ಲಿ ತಿರುಮಲೇಶನ ಪಾದದ ಮೇಲಿತ್ತು. ಕೊನೆಗೆ ಸಣ್ಣ ಕುಂಚ ಹಿಡಿದು ದೇವರ ಮೈಗೆ ತೆಳುವಾಗಿ ನೀಲಿ ಹಚ್ಚಿದ.

ಶಾರದಳಿಗೆ ಆ ಚಿತ್ರ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿದ್ದದ್ದು ಡಾರ್ಕ್‌ರೂಮಿನ ರಾಸಾಯನಿಕದ ಹುಳಿವಾಸನೆ.

"ರೀ, ಇದೇ ಕೊನೆ ಮಾತು," ಎಂದಳು ಚಿತ್ರಸಂತೆಯ ದಿನ ಬೆಳಿಗ್ಗೆ, ಅವನು ಫ್ರೇಮುಗಳನ್ನು ವ್ಯಾಗನ್ನಿಗೆ ತುಂಬುತ್ತಿದ್ದಾಗ. "ಇವತ್ತು ಸಂಜೆಯೊಳಗೆ ಒಂದಾದ್ರೂ ಚಿತ್ರ ಮಾರಾಟ ಆದ್ರೆ ಆ ಕೋಣೆ ನಿಮ್ದು, ನಾನು ಅದರ ಬಾಗಿಲೂ ಮುಟ್ಟಲ್ಲ. ಆಗ್ಲಿಲ್ವೋ, ಸೋಮವಾರ ಅಲ್ಲಿಗೆ ಡೀಪ್ ಫ್ರೀಜರ್ ಬರತ್ತೆ."

"ಒಂದೇನು, ಎಲ್ಲಾನೂ ಮಾರಾಟ ಆಗತ್ತೆ ನೋಡು," ಎಂದ ಜಯಸಿಂಹ, ಪರೀಕ್ಷೆಗೆ ಓದದೆ ಹೊರಟ ಹುಡುಗನ ದನಿಯಲ್ಲಿ.

ಸಂತೆ ನಡೆಯುತ್ತಿದ್ದದ್ದು ಕೆರೆಯ ಪಕ್ಕದ ಪಾರ್ಕಿನಲ್ಲಿ. ಅವನ ಎಡಗಡೆ ಅಣಬೆಯಾಕಾರದ ಮೇಣದಬತ್ತಿ ಮಾರುವವಳು, ಬಲಗಡೆ ಹುರಿಯಲ್ಲಿ ಗೂಬೆ ಹೆಣೆಯುವ ಗಡ್ಡದವನು. ಜನ ಅಣಬೆ ಕೊಂಡರು, ಗೂಬೆ ಕೊಂಡರು. ನಡುವೆ ಜಯಸಿಂಹ ಕ್ಷೀರಸಾಗರವನ್ನು ನಿಲ್ಲಿಸಿಕೊಂಡು, ಮದುವೆಮನೆಯಲ್ಲಿ ಯಾರ ಕಡೆಯವರೆಂದು ಗೊತ್ತಾಗದ ನೆಂಟನಂತೆ ಹಲ್ಲುಕಿರಿಯುತ್ತ ನಿಂತಿದ್ದ.

ಮೊದಲು ಬಂದ ದಂಪತಿ ಚಿತ್ರವನ್ನು ಬಹಳ ಹೊತ್ತು ನೋಡಿದರು. ಜಯಸಿಂಹ ರಸೀದಿ ಪುಸ್ತಕ ಕೈಗೆತ್ತಿಕೊಂಡ. "ಹಾಸಿಗೆ ಚೆನ್ನಾಗಿದೆ," ಎಂದ ಗಂಡ. "ಈ ವಾಟರ್‌ಬೆಡ್ ಯಾವ ಅಂಗಡೀಲಿ ಸಿಗತ್ತೆ?"

ಆಮೇಲೆ ಬಂದ ಮುದುಕಿ ಕನ್ನಡಕ ಏರಿಸಿ, "ಪಾಪ, ನೀರಿಗೆ ಬಿದ್ದವನಾ? ಮೈಯೆಲ್ಲ ನೀಲಿಗಟ್ಟಿದೆ," ಎಂದು ಮರುಗಿದಳು. "ಕಾಲು ಉಜ್ಜಿ ಬಿಸಿ ಮಾಡ್ತಿರೋಳು ನರ್ಸಾ?"

"ಅಲ್ಲ ಮೇಡಂ, ಹೆಂಡತಿ."

"ಓ, ನಿನ್ನ ಹೆಂಡತೀನಾ!"

"ಹೌದು... ಅಲ್ಲ, ಅವನ ಹೆಂಡತಿ. ಅಂದ್ರೆ ಚಿತ್ರದಲ್ಲಿ ಅವನ ಹೆಂಡತಿ, ಮನೇಲಿ ನನ್ನ ಹೆಂಡತಿ."

ಮುದುಕಿ ಅವನ ಕೈಯನ್ನು ಮೆಲ್ಲಗೆ ತಟ್ಟಿ, ಕಾಲ ಬಹಳ ಬದಲಾಯಿತು ಎಂದುಕೊಳ್ಳುತ್ತ ಗೂಬೆಯ ಕಡೆ ನಡೆದಳು. ತಾನು ಹೇಳಿದ್ದರಲ್ಲಿ ಸುಳ್ಳು ಯಾವುದು ಎಂದು ಜಯಸಿಂಹನಿಗೇ ತಿಳಿಯಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಭಜನಾ ಮಂಡಲಿಯವರು ಬಂದರು. ಮುಂದೆ ಮಂಡಲಿಯ ಅಧ್ಯಕ್ಷೆ ಡಾಕ್ಟರ್ ಪ್ರಭಾವತಿ. ಆಸ್ಪತ್ರೆಯಲ್ಲಿ ಮಕ್ಕಳ ಡಾಕ್ಟರು, ಮಂಡಲಿಯಲ್ಲಿ ದೊಡ್ಡವರಿಗೂ ಔಷಧಿ ಕೊಡುವಾಕೆ. ಹಿಂದೆ ಧಾರವಾಡದ ಗುರುಸಿದ್ದ, ಕೈಯಲ್ಲಿ ಪುಳಿಯೋಗರೆಯ ದೊಡ್ಡ ಡಬರಿ. ಅವನ ಹಿಂದೆ ಶಾರದ. ಜಯಸಿಂಹನಿಗೆ ಆಗಷ್ಟೇ ಚಿತ್ರವನ್ನು ತಿರುಗಿಸಿ ಇಡಬೇಕಿತ್ತು ಅನ್ನಿಸಿತು. ಅಷ್ಟರಲ್ಲಿ ತಡವಾಗಿತ್ತು.

ಶಾರದ ನೋಡಿದಳು. ಹತ್ತಿರ ಬಂದು ನೋಡಿದಳು.

"ರೀ, ಇದು ನನ್ನ ಸೀರೆ."

"ಹೂಂ..."

"ಇದು ನನ್ನ ಬಳೆ. ಇದು ನಾನು. ನಾನು ಯಾರ ಕಾಲು ಒತ್ತುತಾ ಇದೀನಿ?"

"ಚಪಾತಿ ಹಿಟ್ಟು ಕಣೇ ಅದು, ನಿಜವಾಗಿ—"

"ಹಿಟ್ಟಿಗೆ ಹೆಬ್ಬೆಟ್ಟು ಇರತ್ತೇನ್ರೀ?"

ಗುರುಸಿದ್ದ ಡಬರಿ ಕೆಳಗಿಟ್ಟು ಬಗ್ಗಿ ನೋಡಿದ. "ಅದನ್ನ ಬಿಡ್ರಿ ಅಕ್ಕಾರ. ಈ ಹೆಡಿ ನೋಡ್ರಿ ಇಲ್ಲೆ. ಇದು ನಮ್ಮ ಮನಿ ಸಲಿಕಿ! ನಾ ಚಳಿಗಾಲದಾಗ ಕೊಟ್ಟಿದ್ನಲ್ಲ ಇವರಿಗೆ. ಕೇಳಿದ್ರ ಕಳದೈತಿ ಅಂದ್ರು. ಇಲ್ಲಿ ನೋಡಿದ್ರ ಒಂದಲ್ಲ, ಐದು ಅದಾವ!"

ಜಯಸಿಂಹ ಯಾರಿಗೆ ಮೊದಲು ಉತ್ತರ ಕೊಡಬೇಕೆಂದು ತಿಳಿಯದೆ ಮೇಣದಬತ್ತಿಯವಳ ಕಡೆ ನೋಡಿದ. ಅವಳು ಕನ್ನಡ ಬರದಿದ್ದರೂ ಎಲ್ಲ ಅರ್ಥವಾದವಳಂತೆ ತಲೆಯಾಡಿಸಿದಳು.

ಆಗ ಪ್ರಭಾವತಿಯವರ ಕಂಠ ಕೇಳಿತು. "ಎಲ್ಲ ಸ್ವಲ್ಪ ಸುಮ್ಮನಿರಿ."

ಅವರು ಚಪ್ಪಲಿ ಕಳಚಿದ್ದರು. ಕಣ್ಣು ತುಂಬಿ ಬಂದಿತ್ತು. "ಊರು ಬಿಟ್ಟು ಇಷ್ಟು ವರ್ಷ ಆಯ್ತು. ಇಂಥಾ ದರ್ಶನ ಆಗಿರಲಿಲ್ಲ," ಎಂದು ಹ್ಯಾಂಡ್‌ಬ್ಯಾಗಿನಿಂದ ಕುಂಕುಮದ ಡಬ್ಬಿ ತೆಗೆದು, ಗಾಜಿನ ಮೇಲೆ, ಸರಿಯಾಗಿ ತಿರುಮಲೇಶನ ಹಣೆಗೆ ಒಂದು ಬೊಟ್ಟಿಟ್ಟರು. ಇನ್ನೊಂದು ಬೊಟ್ಟು ಲಕ್ಷ್ಮಿಗೆ. ಮೂರನೆಯದನ್ನು ಶಾರದಳಿಗೇ ಇಟ್ಟು, "ನಿನ್ನ ಪುಣ್ಯ ಶಾರದಾ, ಯಾರಿಗುಂಟು ಈ ಸೇವೆ!" ಎಂದರು.

ಉರಿಯುತ್ತಿದ್ದ ಶಾರದ ತಣ್ಣಗಾದಳು. ಚಿತ್ರವನ್ನು ಮತ್ತೊಮ್ಮೆ ನೋಡಿ, ಸೆರಗು ಸರಿಮಾಡಿಕೊಂಡು, "ಮೂಗು ಸ್ವಲ್ಪ ದಪ್ಪ ಬಂದಿದೆ," ಎಂದಳು.

ಮುಂದಿನದೆಲ್ಲ ಜಯಸಿಂಹನ ಕೈಮೀರಿ ನಡೆಯಿತು. ಪಾರ್ಕಿನಲ್ಲಿ ಕರ್ಪೂರ ಹಚ್ಚಲು ಹೆದರಿ ಪಕ್ಕದವಳಿಂದ ಅಣಬೆ ಮೇಣದಬತ್ತಿ ತಂದು ಅದರಲ್ಲೇ ಮಂಗಳಾರತಿ ಎತ್ತಿದರು. ಗುರುಸಿದ್ದ ಪುಳಿಯೋಗರೆ ನೈವೇದ್ಯ ಮಾಡಿ ಹಂಚತೊಡಗಿದ. ಅಮೆರಿಕನ್ನರು ಇದೂ ಸಂತೆಯ ಒಂದು ಕಾರ್ಯಕ್ರಮವೆಂದು ತಿಳಿದು ಬೂಟು ಕಳಚಿ ಸಾಲಾಗಿ ನಿಂತರು. ಬೆಳಗಿನ ಮುದುಕಿ ಎರಡು ಸಲ ಬಂದು ಪ್ರಸಾದ ತಿಂದು ಹೋದಳು. ಇಡೀ ಸಂತೆಯಲ್ಲಿ ಅಷ್ಟು ಉದ್ದದ ಸಾಲು ಇನ್ನೊಂದು ಅಂಗಡಿಯ ಮುಂದಿರಲಿಲ್ಲ. ಕೊಳ್ಳುವವರು ಮಾತ್ರ ಆ ಸಾಲಿನಲ್ಲಿ ಒಬ್ಬರೂ ಇರಲಿಲ್ಲ.

"ಇದು ಮಾರಾಟಕ್ಕಿದೆ! ಮಾರಾಟಕ್ಕಿದೆ!" ಎಂದು ಜಯಸಿಂಹ ಗಡಿಬಿಡಿಯಲ್ಲಿ ಕನ್ನಡದಲ್ಲೇ ಕೂಗಿದ. ಅದನ್ನೂ ಮಂತ್ರವೆಂದುಕೊಂಡು ಒಬ್ಬಳು ಅಮೆರಿಕನ್ ಹುಡುಗಿ ಅವನ ಹಿಂದೆಯೇ ಹೇಳಿದಳು.

ಕೊನೆಗೊಬ್ಬ ಬಂದ. ಚೌಕುಳಿ ಪ್ಯಾಂಟು, ಬಿಳಿಯ ಬೂಟು. ಸಾಲು ದಾಟಿ ನೇರವಾಗಿ ಚಿತ್ರದ ಮುಂದೆ ನಿಂತು, "ನಂಗೆ ಇದು ಬೇಕು. ಮನೇಲಿ ಬಾರ್ ಕಟ್ಟಿಸಿದೀನಿ, ವಿಸ್ಕಿ ಬಾಟಲಿಗಳ ಮೇಲೆ ಸರಿಯಾಗಿ ಹೊಂದತ್ತೆ," ಎಂದು ಒಂದು ಬೆಲೆ ಹೇಳಿ ನೋಟು ಎಣಿಸತೊಡಗಿದ.

ಜಯಸಿಂಹನ ಕಣ್ಣಿಗೆ ಡಾರ್ಕ್‌ರೂಮು ತೇಲಿ ಬಂತು. ಅವನು ಕೈ ಚಾಚಿದ್ದೇ ತಡ, ಪ್ರಭಾವತಿ ಅಡ್ಡ ನಿಂತರು.

"ಏನ್ ಮಾಡ್ತಿದೀರಿ ಜಯಸಿಂಹ? ಆರತಿ ಆಗಿರೋ ದೇವ್ರನ್ನ ಬಾರಿಗೆ ಮಾರ್ತೀರಾ?"

"ಡಾಕ್ಟ್ರೇ, ಅದು ದೇವ್ರಲ್ಲ, ತಿರುಮಲೇಶ!"

ಕರೆದಂತೆ ಸಾಕ್ಷಾತ್ ತಿರುಮಲೇಶನೇ ಜನರ ನಡುವಿನಿಂದ ಪ್ರತ್ಯಕ್ಷನಾದ. ಚಡ್ಡಿ ತೊಟ್ಟಿದ್ದ, ಕೈಯಲ್ಲಿ ಅರ್ಧ ತಿಂದ, ಮಾಂಸ ತುಂಬಿದ ಹಾಟ್ ಡಾಗ್ ಇತ್ತು. ಮಂಡಲಿಯವರು ಇಲ್ಲಿರುತ್ತಾರೆಂದು ಅವನಿಗೇನು ಗೊತ್ತು? ಸಾಲಿನಲ್ಲಿದ್ದ ಹುಡುಗಿ ಒಮ್ಮೆ ಚಿತ್ರವನ್ನೂ ಒಮ್ಮೆ ಅವನನ್ನೂ ನೋಡಿ, ಚಿಟ್ಟನೆ ಚೀರಿ, ಅವನ ಕಾಲಿಗೆರಗಿದಳು. ತಿರುಮಲೇಶ ಗಾಬರಿಯಲ್ಲಿ ಹಾಟ್ ಡಾಗನ್ನು ಬೆನ್ನ ಹಿಂದೆ ಬಚ್ಚಿಟ್ಟು ಇನ್ನೊಂದು ಕೈಯೆತ್ತಿದ. ನೋಡಿದವರಿಗೆ ಅದು ಅಭಯಹಸ್ತವಾಗಿಯೇ ಕಂಡಿತು.

"ನೋಡಿ! ಇವನೇ ಅವನು!" ಎಂದ ಜಯಸಿಂಹ. "ಇವನ ಬೆನ್ನ ಹಿಂದೆ ಏನಿದೆ ನೋಡಿ! ಇವನನ್ನ ದೇವ್ರು ಅಂತೀರಾ?"

ಪ್ರಭಾವತಿ ವಿಚಲಿತರಾಗಲಿಲ್ಲ. "ನಮ್ಮೂರಲ್ಲಿ ನಾಟಕದ ಕೃಷ್ಣ ರಂಗದ ಮೇಲೆ ಬಂದ್ರೆ ನಮ್ಮಜ್ಜಿ ಎದ್ದು ನಿಂತು ಆರತಿ ಮಾಡೋರು. ಕೃಷ್ಣನ ಪಾರ್ಟು ಮಾಡ್ತಿದ್ದೋನು ಬೀಡಿ ಅಂಗಡಿ ಪುಟ್ಟ ಅಂತ ಅವರಿಗೂ ಗೊತ್ತಿತ್ತು. ಕಿರೀಟ ಇಟ್ಟಾಗ ಅವನು ದೇವ್ರು. ಕಿರೀಟ ತೆಗೆದ ಮೇಲೆ ಏನ್ ತಿಂತಾನೆ ಅನ್ನೋದು ಅವನ ಕರ್ಮ." ಆಮೇಲೆ ತಿರುಮಲೇಶನ ಕಡೆ ತಿರುಗಿ, "ಎಸೀರಿ ಅದನ್ನ," ಎಂದರು.

ಅವನು ಎಸೆದ.

"ಹಂಗಾದ್ರ ನಾವ ಕೊಳ್ಳೋಣಲ್ಲ?" ಎಂದ ಗುರುಸಿದ್ದ. "ಮಂಡಲಿ ಹೆಸರಿನ್ಯಾಗ. ನಮ್ಮ ಸಲಿಕಿನೂ ಮನಿಗೆ ಬಂದಂಗ ಆತು."

ಪುಳಿಯೋಗರೆ ಡಬರಿಯ ಮುಚ್ಚಳ ಕೈಯಿಂದ ಕೈಗೆ ಹೋಯಿತು. ಅದು ತಿರುಗಿ ಬರುವಷ್ಟರಲ್ಲಿ ಚೌಕುಳಿ ಪ್ಯಾಂಟಿನವನು ಹೇಳಿದ್ದಕ್ಕಿಂತ ಹೆಚ್ಚೇ ಹಣ ಅದರಲ್ಲಿ ಕೂಡಿತ್ತು. ಜಯಸಿಂಹನ ಜೀವಮಾನದ ಮೊದಲ ಚಿತ್ರ ಮಾರಾಟವಾಯಿತು!

ಅವನು ಶಾರದಳ ಕಡೆ ನೋಡಿದ. ಶಾರದ ನಕ್ಕಳು. "ಮಾತು ಅಂದ್ರೆ ಮಾತು ರೀ. ಕೋಣೆ ನಿಮ್ದೇ. ನಾನು ಬಾಗಿಲೂ ಮುಟ್ಟಲ್ಲ."

ಹಿಂದಿನ ಸೀಟಿನಲ್ಲಿ ಮಂಡಲಿಯ ದೇವರನ್ನು ಕೂರಿಸಿಕೊಂಡು ಜಯಸಿಂಹ ಸಿಳ್ಳೆ ಹಾಕುತ್ತ ವ್ಯಾಗನ್ ಹೊರಡಿಸಿದ. ಹಿಂದೆ ನಾಲ್ಕಾರು ಕಾರುಗಳು. ಪ್ರಭಾವತಿ ಮುಂದಿನ ಸೀಟಿನಿಂದ, "ನಿಮ್ಮ ಮನೆ ಕಡೆ ನಡೀರಿ," ಎಂದಾಗ ಕಾಫಿಗಿರಬೇಕು ಎಂದುಕೊಂಡ. ಗೆದ್ದವನ ಮನೆಯಲ್ಲಿ ಕಾಫಿ ಕುಡಿಯದೆ ಇನ್ನೆಲ್ಲಿ ಕುಡಿಯುತ್ತಾರೆ?

ಆದರೆ ಮನೆ ಸೇರಿದವರು ಅಡುಗೆಮನೆಯ ಕಡೆ ಹೋಗಲಿಲ್ಲ. ಚಿತ್ರ ಹೊತ್ತು ನೇರವಾಗಿ ಬೇಸ್‌ಮೆಂಟಿಗೆ ಇಳಿದರು. ಪ್ರಭಾವತಿ ಡಾರ್ಕ್‌ರೂಮಿನ ಬಾಗಿಲು ತಳ್ಳಿ, ಸ್ವಿಚ್ಚು ಒತ್ತಿದರು. ಕೆಂಪು ದೀಪ ಹತ್ತಿಕೊಂಡಿತು.

"ಆಹಾ," ಎಂದರು. "ಕಿಟಕಿ ಇಲ್ಲ. ತಣ್ಣಗಿದೆ. ನಲ್ಲಿ ಇದೆ, ಅಭಿಷೇಕದ ನೀರು ಹೋಗೋಕೆ ದಾರಿ ಇದೆ. ನಂದಾದೀಪ ಆಗಲೇ ಉರೀತಿದೆ. ಇದು ಗರ್ಭಗುಡಿ ಅಲ್ಲದೆ ಇನ್ನೇನು? ನಮ್ಮನೇಲಿ ನಾಯಿ ಇದೆ, ಗುರುಸಿದ್ದ ಅವರದು ಅಪಾರ್ಟ್‌ಮೆಂಟು. ದೇವಸ್ಥಾನ ಕಟ್ಟೋವರೆಗೂ ಸ್ವಾಮಿ ಇಲ್ಲೇ ಇರಲಿ."

"ಡಾಕ್ಟ್ರೇ, ಅದು ನನ್ನ ಡಾರ್ಕ್‌ರೂಮು!"

"ದೇವಸ್ಥಾನ ಯಾವಾಗ ಕಟ್ತೀರಿ?" ಎಂದು ಶಾರದ ಕೇಳಿದಳು.

"ಇನ್ನೂ ಜಾಗ ನೋಡ್ಬೇಕು."

ಶಾರದ ಗಂಡನ ಭುಜದ ಮೇಲೆ ಕೈಯಿಟ್ಟಳು. "ಕೋಣೆ ನಿಮ್ದೇ ರೀ, ನಾನೇನು ಇಲ್ಲ ಅಂದ್ನಾ? ನಿಮ್ಮ ಕೋಣೇಲಿ ದೇವ್ರಿದಾನೆ ಅಷ್ಟೇ. ಡೀಪ್ ಫ್ರೀಜರು ಗರಾಜಿಗೆ ಬರಲಿ. ವ್ಯಾಗನ್ನು ಹೊರಗಡೆ ಇದ್ದರಾಯ್ತು."

ಫೋಟೋ ದೊಡ್ಡದು ಮಾಡುವ ಎನ್‌ಲಾರ್ಜರು ವಾಷಿಂಗ್ ಮಷೀನಿನ ಮೇಲೆ ಬಂದು ಕೂತಿತು. ಫೋಟೋ ತೊಳೆಯುವ ಟ್ರೇಗಳನ್ನು ತಿಕ್ಕಿ ತಿಕ್ಕಿ ಬೆಳಗಿ ಹೂ ತುಂಬಿದರು. ಕ್ಯಾಮೆರಾ ಒಳಗೇ ಉಳಿದಿದೆಯೆಂದು ನೆನಪಾಗಿ ಜಯಸಿಂಹ ಹೊಸ್ತಿಲ ಮೇಲೆ ಕಾಲಿಡುವಷ್ಟರಲ್ಲಿ ಪ್ರಭಾವತಿ ಕೈ ಅಡ್ಡ ಹಿಡಿದರು.

"ಸ್ನಾನ ಆಗಿದ್ಯಾ?"

"ಬೆಳಿಗ್ಗೆ ಆಗಿತ್ತು."

"ಆಮೇಲೆ ಸಂತೆಯೆಲ್ಲ ಮುಟ್ಟಿ ಬಂದಿದೀರಿ. ಹೋಗಿ ಮಿಂದು ಬನ್ನಿ."

ಮಿಂದು, ಒದ್ದೆ ತಲೆಯಲ್ಲಿ, ಪಂಚೆಯುಟ್ಟು ಇಳಿದು ಬಂದಾಗ ಬೇಸ್‌ಮೆಂಟಿನ ಮೆಟ್ಟಿಲವರೆಗೂ ಸಾಲು ಬೆಳೆದಿತ್ತು. ಅವನು ಪಕ್ಕದಿಂದ ನುಸುಳಲು ನೋಡಿದ.

"ಅಣ್ಣಾರ, ಲೈನಿನ್ಯಾಗ ಬರ್ರಿ," ಎಂದ ಗುರುಸಿದ್ದ, ಬಾಗಿಲಲ್ಲಿ ನಿಂತು. "ದೇವರ ಮುಂದ ಎಲ್ಲಾರೂ ಒಂದ."

ಜಯಸಿಂಹ ಸಾಲಿನ ಕೊನೆಗೆ ಹೋಗಿ ನಿಂತ. ಅವನ ಮುಂದೆ, ಚಡ್ಡಿಯ ಮೇಲೆ ಯಾರದೋ ಶಲ್ಯ ಸುತ್ತಿಕೊಂಡು, ಭಕ್ತಿಯಿಂದ ಕೈಮುಗಿದು ನಿಂತಿದ್ದವನು ತಿರುಮಲೇಶ. ಅವನು ಮೆಲ್ಲಗೆ ಹಿಂದೆ ತಿರುಗಿ ಕೇಳಿದ:

"ಜಯಸಿಂಹ, ನಿಜ ಹೇಳೋ. ಒಳಗಿರೋನು ನಾನೋ, ಅವನೋ?"

ಜಯಸಿಂಹ ಯೋಚಿಸಿದ. ಒಳಗಿನಿಂದ ಕೆಂಪು ಬೆಳಕು, ಗಂಟೆಯ ಸದ್ದು, ಶಾರದಳ ಹಾಡು ಬರುತ್ತಿದ್ದವು.

"ಒಳಗಿರೋನು ಯಾರೋ ನಂಗೊತ್ತಿಲ್ಲ ಕಣೋ," ಎಂದ. "ಹೊರಗಿರೋನು ಮಾತ್ರ ನಾನೇ."